ನಿಲ್ಲಲೂ ಕೂರಲೂ ಒಂದೇ ಎಲಿಪ್ಟಿಕಲ್: ಸೀಟಿಗಿಂತ ಮೊದಲು ಸೊಂಟದ ಜಾಗ ಗೊತ್ತುಮಾಡಿ

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಸಣ್ಣ ಫ್ಯಾಬ್ರಿಕೇಷನ್ ಘಟಕ. ಜಿಮ್‌ಗಳಿಗೆ, ಫಿಸಿಯೋಥೆರಪಿ ಕೇಂದ್ರಗಳಿಗೆ ಸಲಕರಣೆ ಮಾಡಿಕೊಡುತ್ತೇವೆ. ನಿಂತು, ಮುಂದಕ್ಕೆ ಬಾಗಿ, ಕೂತು ಹೀಗೆ ಎಲ್ಲ ಭಂಗಿಗಳಲ್ಲೂ ಬಳಸಬಹುದಾದ ಒಂದೇ ಎಲಿಪ್ಟಿಕಲ್ (ಪೆಡಲ್ ದೀರ್ಘವೃತ್ತದ ದಾರಿಯಲ್ಲಿ ಸಾಗುವ ವ್ಯಾಯಾಮ ಯಂತ್ರ) ಬೇಕೆಂದು ಒಬ್ಬ ಗ್ರಾಹಕರು ಕೇಳಿದ್ದಾರೆ. ಹಿಂಭಾಗದಲ್ಲಿ ಕ್ರ್ಯಾಂಕ್ (ಸುತ್ತುವ ತೋಳು) ಇರುವ ಒಂದು ಹಳೆಯ ಯಂತ್ರಕ್ಕೆ ಸೀಟ್ ವೆಲ್ಡ್ ಮಾಡಿ ನೋಡಿದೆವು. ನಿಂತವರಿಗೆ ಚೆನ್ನಾಗಿದೆ, ಕೂತವರಿಗೆ ಮಂಡಿ ನೋಯುತ್ತದೆ. ನಿಧಾನವಾಗಿ ತುಳಿದರೆ ಪೆಡಲ್ ಮಧ್ಯೆ ಮಧ್ಯೆ ಹಿಡಿದಂತಾಗುತ್ತದೆ. ಎಲ್ಲಿ ತಪ್ಪಿದೆ?

ಉತ್ತರ: ಸೀಟ್ ಎಷ್ಟು ಮೆತ್ತಗಿದೆ, ಎಷ್ಟು ಅಗಲವಿದೆ ಎನ್ನುವುದು ಆಮೇಲಿನ ಮಾತು. ನೀವು ಪೆಡಲ್ ಸಾಗುವ ದಾರಿಯನ್ನು ಹಾಗೆಯೇ ಬಿಟ್ಟು ಸೊಂಟವನ್ನು ಮಾತ್ರ ಬೇರೆ ಜಾಗಕ್ಕೆ ಒಯ್ದಿದ್ದೀರಿ. ಒಂದು ಪೆಡಲ್ ದಾರಿ ಕಾಲಿಗೆ ಹಿತವೋ ಅಹಿತವೋ ಎಂಬುದನ್ನು ಆ ದಾರಿಯ ಆಕಾರ ಒಂದೇ ತೀರ್ಮಾನಿಸುವುದಿಲ್ಲ, ಸೊಂಟ ಅದಕ್ಕೆ ಯಾವ ಕೋನದಲ್ಲಿದೆ ಎಂಬುದೂ ತೀರ್ಮಾನಿಸುತ್ತದೆ. ನಿಂತಾಗ ಸೊಂಟ ದಾರಿಯ ನೆತ್ತಿಯ ಮೇಲಿರುತ್ತದೆ, ಕಾಲು ಲೋಲಕದಂತೆ ಹಿಂದೆ ಮುಂದೆ ತೂಗುತ್ತದೆ, ಮಂಡಿ ಸ್ವಲ್ಪವೇ ಮಡಚುತ್ತದೆ. ಸೊಂಟವನ್ನು ಪೆಡಲ್ ದಾರಿಯ ಹಿಂದಕ್ಕೆ, ಅದರ ಮಟ್ಟಕ್ಕೇ ಇಳಿಸಿದರೆ ಹೆಜ್ಜೆಯ ಪೂರ್ತಿ ಉದ್ದವನ್ನು ಮಂಡಿಯೇ ಮಡಚಿ ಬಿಚ್ಚಿ ತುಂಬಬೇಕಾಗುತ್ತದೆ.

ಲೆಕ್ಕ ಹಾಕೋಣ. ಹಿಂದೆ ಕ್ರ್ಯಾಂಕ್, ಮುಂದೆ ಹಳಿಯ ಮೇಲೆ ರೋಲರ್, ನಡುವಿನ ಲಿಂಕ್ ಮೇಲೆ ಪೆಡಲ್ ಇರುವ ಯಂತ್ರದಲ್ಲಿ ಹೆಜ್ಜೆಯ ಉದ್ದ ಹೆಚ್ಚುಕಡಿಮೆ ಕ್ರ್ಯಾಂಕ್ ತ್ರಿಜ್ಯದ ಎರಡರಷ್ಟು. ದಾರಿಯ ಎತ್ತರ ಎಷ್ಟೆಂಬುದು ಲಿಂಕ್‌ನ ಮೇಲೆ ಪೆಡಲ್ ಎಲ್ಲಿದೆ ಎಂಬುದರ ಮೇಲೆ ನಿಂತಿದೆ. ಕ್ರ್ಯಾಂಕ್ 220 ಮಿ.ಮೀ., ಲಿಂಕ್ 1100 ಮಿ.ಮೀ., ರೋಲರ್‌ನಿಂದ ಪೆಡಲ್‌ಗೆ 385 ಮಿ.ಮೀ. ಇಟ್ಟುಕೊಳ್ಳಿ. ಹೆಜ್ಜೆ 440 ಮಿ.ಮೀ. ಬರುತ್ತದೆ. 385 ಎಂದರೆ ಲಿಂಕ್‌ನ ಶೇ. 35, ಆದ್ದರಿಂದ ಎತ್ತರ 440ರ ಶೇ. 35, ಅಂದರೆ 154 ಮಿ.ಮೀ. ಸೊಂಟದ ಕೀಲಿನಿಂದ ಹಿಮ್ಮಡಿವರೆಗೆ 800 ಮಿ.ಮೀ. (ತೊಡೆ 400, ಕೆಳಗಾಲು 400) ಇರುವ ವ್ಯಕ್ತಿಯನ್ನು ದಾರಿಯ ಮಟ್ಟದಲ್ಲೇ ಹಿಂದೆ ಕೂರಿಸಿ, ಕಾಲು ಅತಿ ಚಾಚಿದಾಗ ಸೊಂಟದಿಂದ ಪಾದಕ್ಕೆ 780 ಮಿ.ಮೀ. ಇರುವಂತೆ ಸೀಟ್ ಹೊಂದಿಸಿ. ಪೆಡಲ್ 440 ಮಿ.ಮೀ. ಹಿಂದೆ ಬಂದಾಗ ಆ ಅಂತರ 340ಕ್ಕೆ ಇಳಿಯುತ್ತದೆ. ನೇರ ಕಾಲನ್ನು ಸೊನ್ನೆ ಎಂದು ಹಿಡಿದರೆ ಆಗ ಮಂಡಿ ಸುಮಾರು 130 ಡಿಗ್ರಿ ಮಡಚಿರುತ್ತದೆ. ಆರೋಗ್ಯವಂತರಿಗೂ ಭಾರ ಹಾಕಿ ನಿಮಿಷಕ್ಕೆ 40 ಸಲ ಹೀಗೆ ಮಡಚುವುದು ಕಷ್ಟ, ಫಿಸಿಯೋಥೆರಪಿಗೆ ಬರುವವರ ಮಾತೇ ಬೇರೆ. ಕಾಲಿನ ಉದ್ದಕ್ಕೂ ಸಿಗುವ ಈ ಸ್ಟ್ರೋಕ್ (ಪಾದ ಹೋಗಿಬರುವ ದೂರ) 260 ಮಿ.ಮೀ. ಮಾತ್ರ ಇದ್ದಿದ್ದರೆ ಮಂಡಿ 100 ಡಿಗ್ರಿಯ ಒಳಗೆ ನಿಲ್ಲುತ್ತಿತ್ತು.

ಹಾಗಾದರೆ ಹೆಜ್ಜೆಯನ್ನೇ ಗಿಡ್ಡ ಮಾಡಬೇಕೆ? ಕ್ರ್ಯಾಂಕ್ ತೋಳಿನಲ್ಲಿ 220 ಮತ್ತು 130 ಮಿ.ಮೀ. ಹೀಗೆ ಎರಡು ತೂತು ಕೊಟ್ಟು ಪಿನ್ ಬದಲಿಸುವುದು ಒಂದು ದಾರಿ. ಕಾಗದದ ಮೇಲೆ ಸುಲಭವಾಗಿ ಕಾಣುತ್ತದೆ. ಆದರೆ ಇಡೀ ಯಂತ್ರದಲ್ಲಿ ಅತಿ ಹೆಚ್ಚು ಭಾರ ಹೊರುವ ಕೀಲನ್ನು ಪ್ರತಿ ರೋಗಿಗೂ ಬಿಚ್ಚಿ ಹಾಕಬೇಕು. ಒಂದು ಕಡೆ 220, ಇನ್ನೊಂದು ಕಡೆ 130 ಉಳಿಯುವ ದಿನ ಬಂದೇ ಬರುತ್ತದೆ. ನಾನಾದರೆ ಕ್ರ್ಯಾಂಕ್ ಮುಟ್ಟುವುದಿಲ್ಲ, ಸೊಂಟವನ್ನು ಮೇಲೆತ್ತುತ್ತೇನೆ.

ಸೊಂಟದಿಂದ ದೀರ್ಘವೃತ್ತದ ಕೇಂದ್ರಕ್ಕೆ ಎಳೆದ ಗೆರೆಗೂ ಆ ದೀರ್ಘವೃತ್ತದ ಉದ್ದಕ್ಷಕ್ಕೂ ನಡುವಿನ ಕೋನ ನೋಡಿ. ಕೋನದ ಕೊಸೈನ್‌ನಿಂದ 220ನ್ನೂ (ಹೆಜ್ಜೆಯ ಅರ್ಧ) ಸೈನ್‌ನಿಂದ 77ನ್ನೂ (ಎತ್ತರದ ಅರ್ಧ) ಗುಣಿಸಿ, ಎರಡರ ವರ್ಗ ಕೂಡಿಸಿ, ವರ್ಗಮೂಲ ತೆಗೆದು ಇಮ್ಮಡಿ ಮಾಡಿ. ಕಾಲಿನ ಉದ್ದಕ್ಕೆ ಸಿಗುವ ಸ್ಟ್ರೋಕ್ ಅದು. ಕೋನ ಸೊನ್ನೆಯಿದ್ದರೆ 440 ಮಿ.ಮೀ., 30 ಡಿಗ್ರಿಗೆ 389, 45ಕ್ಕೆ 330, 60ಕ್ಕೆ 257, 90ಕ್ಕೆ ಅಂದರೆ ನೇರ ನಿಂತಾಗ 154. ನಮಗೆ ಬೇಕಾದ ಸಂಖ್ಯೆ 60 ಡಿಗ್ರಿಯಲ್ಲಿ ಸಿಕ್ಕಿತು. ಇದು ಅಂದಾಜು ಲೆಕ್ಕ. ಪಾದ ಗೆರೆಯಿಂದ ಪಕ್ಕಕ್ಕೂ ಸರಿಯುವುದರಿಂದ ನಿಜವಾದ ಗರಿಷ್ಠ ದೂರ 10ರಿಂದ 15 ಮಿ.ಮೀ. ಹೆಚ್ಚು ಬರುತ್ತದೆ. ಆದ್ದರಿಂದ ಕೊನೆಯ ಅಳತೆಯನ್ನು ಪೂರ್ಣಪ್ರಮಾಣದ ನಕ್ಷೆಯಲ್ಲೇ ಖಚಿತಪಡಿಸಿಕೊಳ್ಳಿ. ಕಾಲು ಪೂರ್ತಿ ಚಾಚಿದಾಗಲೂ ಮಂಡಿಯಲ್ಲಿ 15ರಿಂದ 25 ಡಿಗ್ರಿ ಮಡಿಕೆ ಉಳಿಯಲೇಬೇಕು, ಇಲ್ಲದಿದ್ದರೆ ಸೊಂಟ ಸೀಟಿನ ಮೇಲೆ ಎಡಬಲ ಹೊರಳುತ್ತದೆ.

60 ಡಿಗ್ರಿ ಎಂದರೆ ಸೈಕಲ್ ಮೇಲೆ ಕೂತಂಥ ಭಂಗಿ. ತೂಕ ಸ್ವಲ್ಪ ಹಗುರವಾಗಬೇಕೆನ್ನುವವರಿಗೆ ಅಷ್ಟು ಸಾಕು. ಬೆನ್ನಿಗೆ ಆಸರೆ ಬೇಕಾದವರಿಗೆ ಅದು ಎತ್ತರವಾಯಿತು. ಅವರಿಗಾಗಿ ದೀರ್ಘವೃತ್ತವನ್ನೇ ಓರೆ ಮಾಡಬೇಕು. ಪೆಡಲ್ ಮುಂದೆ ಹೋದಂತೆ ಮೇಲೇರುವ ಹಾಗೆ 15 ಡಿಗ್ರಿ ಓರೆ ಮಾಡಿದರೆ, ಸೊಂಟ ನೆಲಕ್ಕೆ 45 ಡಿಗ್ರಿಯಲ್ಲಿದ್ದರೂ ಅಕ್ಷದೊಂದಿಗಿನ ಕೋನ 60 ಆಗುತ್ತದೆ. ಮುಂದಿನ ಹಳಿಯನ್ನು ಎತ್ತುವ ತಂತ್ರ ಹೊಸದಲ್ಲ. 1995ರಲ್ಲಿ ಪ್ರಿಕಾರ್ ಕಂಪನಿ ಇಎಫ್‌ಎಕ್ಸ್ ಯಂತ್ರವನ್ನು ಮಾರುಕಟ್ಟೆಗೆ ತಂದಾಗಿನಿಂದ ಹಳಿಯ ಏರು ಬದಲಿಸುವ ವ್ಯವಸ್ಥೆ ಆ ಸಾಲಿನ ಗುರುತಾಗಿದೆ. ಅಲ್ಲಿ ಅದು ನಿಂತವರಿಗೆ ಪೃಷ್ಠದ ಸ್ನಾಯುಗಳ ಕೆಲಸ ಹೆಚ್ಚಿಸಲು. ನಮಗೆ ಅದೇ ಸೌಲಭ್ಯ ಕೂತವರ ಮಂಡಿ ಉಳಿಸಲು ಬರುತ್ತದೆ.

ಇಲ್ಲೊಂದು ಎಚ್ಚರ. ಹಳಿಯನ್ನು 15 ಡಿಗ್ರಿ ಎತ್ತಿದರೆ ದಾರಿ 15 ಡಿಗ್ರಿ ಓರೆಯಾಗುವುದಿಲ್ಲ. ಹಳಿಯ ಏರು ರೋಲರ್ ತುದಿಗೆ ಪೂರ್ತಿ, ಕ್ರ್ಯಾಂಕ್ ತುದಿಗೆ ಏನೂ ಇಲ್ಲ. ಪೆಡಲ್ ರೋಲರ್‌ನಿಂದ ಲಿಂಕ್‌ನ ಶೇ. 35 ದೂರದಲ್ಲಿರುವುದರಿಂದ ಅದಕ್ಕೆ ಸಿಗುವುದು ಆ ಏರಿನ ಶೇ. 65 ಮಾತ್ರ. ಲೆಕ್ಕ ಹಾಕಿದರೆ 15 ಡಿಗ್ರಿ ಓರೆಗೆ ಹಳಿ ಸುಮಾರು 23 ಡಿಗ್ರಿ ಏರಬೇಕು. ರೋಲರ್ ಓಡುವ ಉದ್ದ 440 ಮಿ.ಮೀ., ಎರಡೂ ತುದಿಗೆ 40ರಂತೆ ಸೇರಿಸಿ 520 ಮಿ.ಮೀ. ಹಳಿ ಹಾಕಿದರೆ ಅದರ ಮುಂದಿನ ತುದಿ ಸುಮಾರು 200 ಮಿ.ಮೀ. ಮೇಲೇಳುತ್ತದೆ. ಇದಕ್ಕೆ ಟ್ರೆಡ್‌ಮಿಲ್‌ಗಳಲ್ಲಿ ಬರುವ ಇನ್‌ಕ್ಲೈನ್ ಮೋಟಾರ್ ಹಾಕಬಹುದು. ಅದರ ಓಟದ ಉದ್ದ ಸಾಲದಿದ್ದರೆ ಲಿವರ್ ಬೇಕು. ಕೈಯಿಂದ ಎತ್ತಿ ಪಿನ್ ಹಾಕುವ ವ್ಯವಸ್ಥೆಯಾದರೆ ಗ್ಯಾಸ್ ಸ್ಟ್ರಟ್ ಜೊತೆಗೆ ಕೊಡಿ.

ಸೀಟ್ ಜಾರುವ ಹಳಿಯ ದಿಕ್ಕು ನಿಜವಾಗಿಯೂ ಮುಖ್ಯ, ಹೆಚ್ಚಿನವರು ಎಡವುವುದೂ ಅಲ್ಲೇ. ವ್ಯಾಯಾಮದ ಸೈಕಲ್‌ನಿಂದ ತಂದ ನೆಟ್ಟಗಿನ ಕಂಬ ಹಾಕಿದರೆ ಎತ್ತರದವರಿಗೂ ಗಿಡ್ಡವರಿಗೂ ಕೋನ ಬೇರೆ ಬೇರೆಯಾಗುತ್ತದೆ, ಮಾಡಿದ ಲೆಕ್ಕ ನೀರುಪಾಲು. ಸೀಟ್ ಜಾರುವ ಗೆರೆ, ಸೊಂಟದ ಕೀಲಿನಿಂದ ನೋಡಿದಾಗ, ಪೆಡಲ್ ದಾರಿಯ ಕೇಂದ್ರದತ್ತಲೇ ಮುಖ ಮಾಡಿರಬೇಕು. ಆಗ ದೂರ ಬದಲಾದರೂ ಕೋನ ಬದಲಾಗದು. ಸೊಂಟದಿಂದ ಹಿಮ್ಮಡಿಗೆ 720ರಿಂದ 900 ಮಿ.ಮೀ. ಇರುವವರನ್ನು ಗುರಿಯಾಗಿಟ್ಟರೆ ಕೇಂದ್ರದಿಂದ ಸೊಂಟದ ದೂರ ಸುಮಾರು 570ರಿಂದ 750 ಮಿ.ಮೀ. ನಡುವೆ ಬರುತ್ತದೆ. 180 ಮಿ.ಮೀ. ಓಟ, 25 ಮಿ.ಮೀ.ಗೊಂದು ತೂತಿನಂತೆ ಎಂಟು ತೂತು ಸಾಕು. ಸೊಂಟದ ಕೀಲು ಸೀಟಿನ ಮೇಲ್ಮೈಗಿಂತ 85ರಿಂದ 90 ಮಿ.ಮೀ. ಮೇಲಿರುತ್ತದೆ ಎಂಬುದನ್ನು ಕಳೆಯಲು ಮರೆಯಬೇಡಿ.

ಗಿಡ್ಡವರಿಗಾಗಿ ಸೀಟನ್ನು ಪೂರ್ತಿ ಇಳಿಸಿದಾಗ ಅದರ ಅಡಿಗೂ ಮೇಲೇಳುವ ಲಿಂಕ್‌ಗೂ ನಡುವೆ ಎಷ್ಟು ಉಳಿಯುತ್ತದೆ? ಕ್ರ್ಯಾಂಕ್ ಅಕ್ಷ ನೆಲದಿಂದ 300 ಮಿ.ಮೀ., ಹಳಿ 120 ಮಿ.ಮೀ. ಎತ್ತರದಲ್ಲಿದ್ದರೆ 40 ಮಿ.ಮೀ.ಗೂ ಕಡಿಮೆ. ಬೆರಳು ಸಿಕ್ಕಿಕೊಳ್ಳಲು ಹೇಳಿ ಮಾಡಿಸಿದ ಸಂದು. ಸೀಟಿನ ಅಂಚು ಹಿಡಿದು ಏಳುವವರ ಕೈ ಹೋಗುವುದೂ ಅಲ್ಲಿಗೇ. ಸೀಟಿನ ಮುಂಭಾಗವನ್ನು ಎರಡು ಲಿಂಕ್‌ಗಳ ನಡುವೆ ಇಳಿಯುವಷ್ಟು ಕಿರಿದು ಮಾಡಿ, ಲಿಂಕ್‌ಗಳಿಗೆ ಮೇಲಿನಿಂದ ಕವಚ ಹಾಕಿ. ಚಲಿಸುವ ಭಾಗಗಳ ಪಕ್ಕದಲ್ಲಿ 60 ಮಿ.ಮೀ. ಕೊಡಿ, ಇಲ್ಲವೇ ಕೈ ಹೋಗದಂತೆ ಮುಚ್ಚಿ. ನಡುವಿನದು ಬೇಡ. 45 ಡಿಗ್ರಿಯಲ್ಲಿ ಕೂತು ತುಳಿದಾಗ ಕಾಲಿನ ಒತ್ತಡ ದೇಹವನ್ನು ಹಿಂದಕ್ಕೆ ನೂಕುವುದರಿಂದ 200ರಿಂದ 250 ಮಿ.ಮೀ. ಎತ್ತರದ ಬೆನ್ನೊರಗು ಕಡ್ಡಾಯ.

ಹಿಂಭಾಗದ ಕ್ರ್ಯಾಂಕ್ ಬಿಟ್ಟು ಮುಂಭಾಗದ ಕ್ರ್ಯಾಂಕ್‌ಗೆ ಹೋಗಬಹುದಲ್ಲ, ಸೀಟಿಗೆ ಜಾಗ ಸಿಗುತ್ತದಲ್ಲ ಎನ್ನಬಹುದು. ಜಾಗ ಸಿಗುತ್ತದೆ. ಆದರೆ ಕ್ರ್ಯಾಂಕ್ ಮುಂದಿದ್ದರೆ ಲಿಂಕ್‌ನ ಮುಂದಿನ ತುದಿ ಏರಿಳಿಯುತ್ತದೆ, ಅಂದರೆ ಕಾಲಿನ ಬೆರಳ ಕಡೆ ಎದ್ದು ಬೀಳುತ್ತದೆ. ಹಿಂದಿದ್ದರೆ ಹಿಮ್ಮಡಿ ಏಳುತ್ತದೆ, ನಡೆಯುವಾಗ ಆಗುವುದೂ ಅದೇ. ಮೇಲಿನ ಅಳತೆಯಲ್ಲಿ ಪೆಡಲ್ 11 ಡಿಗ್ರಿಯಷ್ಟು ಆಚೆ ಈಚೆ ಓಲಾಡುತ್ತದೆ. ಅದು ಹಿಮ್ಮಡಿಯ ಕಡೆಯಿಂದ ಬಂದರೆ ಹಿತ. ಇನ್ನೊಂದು ಲಾಭವೂ ಇದೆ: ಕ್ರ್ಯಾಂಕ್ ಮತ್ತು ಫ್ಲೈವೀಲ್ (ತುಳಿತದ ವೇಗವನ್ನು ಸಮವಾಗಿಡುವ ಭಾರದ ಚಕ್ರ) ಹೊರುವ ಚೌಕಟ್ಟು ಸೀಟಿನ ಹಿಂದಕ್ಕೂ ಚಾಚಿರುವುದರಿಂದ ಭಾರದ ವ್ಯಕ್ತಿ ಧಡಕ್ಕನೆ ಕೂತರೂ ಯಂತ್ರ ಹಿಂದಕ್ಕೆ ಮಗುಚದು.

ಮುಂದಕ್ಕೆ ಬಾಗುವ ಭಂಗಿಗೆ ಪೆಡಲ್ ದಾರಿಯಲ್ಲಿ ಏನೂ ಬದಲಿಸಬೇಕಿಲ್ಲ. ಮೊಣಕೈ ಊರಲು ಪ್ಯಾಡ್ ಬೇಕು, ಅದು ಎದೆಮಟ್ಟಕ್ಕಿಂತ ಕೆಳಗೆ ಎತ್ತರ ಬದಲಿಸುವಂತಿರಬೇಕು, ಆಡುವ ಹಿಡಿಕೆಗಳು ಹಿಂದೆ ಬಂದಾಗ ಮುಖಕ್ಕೆ ತಾಗಬಾರದು. ಅರ್ಧ ಕುಕ್ಕರಿಸಿ ತುಳಿಯುವವರಿಗೆ ಮಂಡಿಯ ಮುಂದೆ ಕನಿಷ್ಠ 100 ಮಿ.ಮೀ. ಖಾಲಿ ಬಿಡಿ. ಹಿಮ್ಮುಖ ತುಳಿತಕ್ಕೆ ಫ್ರೀವೀಲ್ (ಸೈಕಲ್‌ನಲ್ಲಿರುವಂತೆ ಹಿಂದಕ್ಕೆ ತುಳಿದಾಗ ಬರಿದೇ ತಿರುಗುವ ಭಾಗ) ಇಲ್ಲದಿದ್ದರೆ ಸಾಕು.

ಈಗ ಪೆಡಲ್ ಹಿಡಿದಂತಾಗುವ ದೂರು. ನಿಂತವರ ತೂಕವೇ ಪೆಡಲನ್ನು ಕೊನೆಯ ಬಿಂದುಗಳಿಂದ ದಾಟಿಸುತ್ತದೆ. ಕೂತವರಿಗೆ ಆ ಸಹಾಯವಿಲ್ಲ, ಜೊತೆಗೆ ಅವರು ನಿಧಾನ. ದಾಟಿಸಬೇಕಾದದ್ದು ಫ್ಲೈವೀಲ್. 8 ಕೆ.ಜಿ., 280 ಮಿ.ಮೀ. ವ್ಯಾಸದ ಚಕ್ರದ ಜಡತ್ವ 0.078 ಕೆ.ಜಿ. ಚದರ ಮೀಟರ್. ಸಾಮಾನ್ಯವಾಗಿ ಹಾಕುವ 1:8 ವೇಗವೃದ್ಧಿಯಲ್ಲಿ ಅದು ಕ್ರ್ಯಾಂಕ್‌ಗೆ 64 ಪಟ್ಟು, ಅಂದರೆ ಸುಮಾರು 5 ಆಗಿ ಕಾಣುತ್ತದೆ. ನಿಮಿಷಕ್ಕೆ 60 ಸುತ್ತಿನಲ್ಲಿ 100 ವ್ಯಾಟ್ ತುಳಿದರೆ ಪ್ರತಿ ತುಳಿತಕ್ಕೆ 50 ಜೂಲ್. ಅದರಲ್ಲಿ 20 ಜೂಲ್ ಏರಿಳಿತ ಎಂದುಕೊಂಡರೆ ವೇಗ ಶೇ. 10ರಷ್ಟು ಹೊಯ್ದಾಡುತ್ತದೆ, ಗೊತ್ತೇ ಆಗುವುದಿಲ್ಲ. ಅದೇ ಯಂತ್ರದಲ್ಲಿ ಕೂತು 30 ಸುತ್ತಿನಲ್ಲಿ 30 ವ್ಯಾಟ್ ತುಳಿದಾಗ ಏರಿಳಿತ 12 ಜೂಲ್‌ಗೆ ಇಳಿದರೂ ಚಕ್ರದಲ್ಲಿರುವ ಶಕ್ತಿ ಕಾಲು ಭಾಗಕ್ಕೆ ಕುಸಿದಿರುತ್ತದೆ. ಹೊಯ್ದಾಟ ಶೇ. 24. ನೀವು ಹಿಡಿದಂತಾಗುತ್ತದೆ ಎನ್ನುತ್ತಿರುವುದು ಇದನ್ನೇ.

ಚಕ್ರದ ತೂಕ ಹೆಚ್ಚಿಸಬೇಡಿ, ವೇಗ ಹೆಚ್ಚಿಸಿ. ತೂಕ ಇಮ್ಮಡಿಸಿದರೆ ಜಡತ್ವ ಇಮ್ಮಡಿ, ವೇಗ ಇಮ್ಮಡಿಸಿದರೆ ನಾಲ್ಮಡಿ. ಎರಡು ಹಂತದ ಪಾಲಿ-ವಿ ಬೆಲ್ಟ್ (ಒಳಮೈಯಲ್ಲಿ ಉದ್ದುದ್ದ ಪಕ್ಕೆಗಳಿರುವ ಬೆಲ್ಟ್) ಹಾಕಿ: 280 ಮಿ.ಮೀ. ಪುಲ್ಲಿಯಿಂದ 80ಕ್ಕೆ, ಅದೇ ಶಾಫ್ಟ್‌ನ 190ರಿಂದ 55ಕ್ಕೆ. ಒಟ್ಟು 1:12. ಅದೇ 8 ಕೆ.ಜಿ. ಚಕ್ರ ಈಗ 11 ಆಗಿ ಕಾಣುತ್ತದೆ, ಕೂತವರ ಹೊಯ್ದಾಟ ಶೇ. 11ಕ್ಕೆ ಇಳಿಯುತ್ತದೆ. ಮೊದಲ ಹಂತದ ಬೆಲ್ಟ್‌ನ ಎಳೆತ ಹೆಚ್ಚು, ಆದ್ದರಿಂದ ಅಲ್ಲಿ ಜೆ ಮಾದರಿಯ ಎಂಟು ಪಕ್ಕೆಗಳದ್ದು ಬಳಸಿ. ಬೆಲೆಯೂ ಇದೆ: ಯಂತ್ರ ನಿಲ್ಲಲು ಹೆಚ್ಚು ಹೊತ್ತು ಬೇಕು, ಫ್ರೀವೀಲ್ ಇಲ್ಲದ್ದರಿಂದ ಪೆಡಲ್ ಕಾಲನ್ನು ಎಳೆದುಕೊಂಡು ಹೋಗುತ್ತದೆ. ಕೈಗೆ ಸಿಗುವಲ್ಲಿ ಒಂದು ಫೆಲ್ಟ್ ಬ್ರೇಕ್ ಲಿವರ್ ಇರಲಿ. ಕೂತು ತುಳಿಯುವ ರೋಗಿಗೆ ಹಿಮ್ಮಡಿ ಕಪ್ ಮತ್ತು ಪಟ್ಟಿ ಬೇಕು. ನಿಂತು ತುಳಿಯುವಾಗ ಆ ಪಟ್ಟಿ ಬಿಚ್ಚಿರಬೇಕು, ಎಡವಿದವರು ತಕ್ಷಣ ಕೆಳಗಿಳಿಯುವಂತಿರಬೇಕು.

ಭಾರಕ್ಕೆ ಆಯಸ್ಕಾಂತದ ಬ್ರೇಕ್ ಸಾಕು. ಕಡಿಮೆ ವೇಗದಲ್ಲಿ ಅದರ ತಡೆ ವೇಗಕ್ಕೆ ಅನುಪಾತದಲ್ಲಿರುವುದರಿಂದ ಶಕ್ತಿ ವೇಗದ ವರ್ಗದಂತೆ ಇಳಿಯುತ್ತದೆ: 60 ಸುತ್ತಿಗೆ 100 ವ್ಯಾಟ್ ಕೇಳುವ ಸ್ಥಾನ 30 ಸುತ್ತಿಗೆ 25 ವ್ಯಾಟ್ ಕೇಳುತ್ತದೆ. ಕೂತ ರೋಗಿಗೆ ಇದು ಅನುಕೂಲವೇ. ತೊಂದರೆ ಬೇರೆ ಕಡೆ: ಬ್ರೇಕ್ ಪೂರ್ತಿ ಬಿಟ್ಟಾಗಲೂ ಬೇರಿಂಗ್, ಬೆಲ್ಟ್, ರೋಲರ್ ಎಷ್ಟು ತಿನ್ನುತ್ತವೆ? ಅಳೆಯುವುದು ಸುಲಭ. 60 ಸುತ್ತಿಗೆ ತಿರುಗಿಸಿ ಬಿಡಿ, 30ಕ್ಕೆ ಇಳಿಯಲು ಹಿಡಿಯುವ ಸಮಯ ನೋಡಿ. ಈ ಚಕ್ರದಲ್ಲಿ ಆ ನಡುವೆ ಕಳೆಯುವ ಶಕ್ತಿ ಸುಮಾರು 167 ಜೂಲ್. 12 ಸೆಕೆಂಡಿನಲ್ಲಿ ಇಳಿದರೆ ಯಂತ್ರವೇ ಸರಾಸರಿ 14 ವ್ಯಾಟ್ ನುಂಗುತ್ತಿದೆ. 5 ಸೆಕೆಂಡಿನಲ್ಲೇ ಇಳಿದರೆ ಬೆಲ್ಟ್ ಅತಿ ಬಿಗಿ ಅಥವಾ ರೋಲರ್ ಅಡ್ಡ ಉಜ್ಜುತ್ತಿದೆ. ದುರ್ಬಲರಿಗೆ ಅಂಥ ಯಂತ್ರ ಕೊಡಬೇಡಿ.

ಹತ್ತಿಳಿಯುವಾಗಿನ ಲಾಕ್ ಬಗ್ಗೆ ನೀವು ಕೇಳಿಲ್ಲ, ಆದರೆ ಫಿಸಿಯೋಥೆರಪಿ ಕೇಂದ್ರದಲ್ಲಿ ಮೊದಲು ಬೀಳುವುದು ಅಲ್ಲೇ. ಏರಿಳಿತದ ನಡುಮಟ್ಟದಲ್ಲಿ ನಿಂತ ಪೆಡಲ್ ಮೇಲೆ 130 ಕೆ.ಜಿ. ವ್ಯಕ್ತಿ ಕಾಲಿಟ್ಟರೆ ಕ್ರ್ಯಾಂಕ್ ಮೇಲೆ ಸುಮಾರು 100 ನ್ಯೂಟನ್ ಮೀಟರ್ ತಿರುಚು ಬಲ ಬೀಳುತ್ತದೆ, ಹಳಿ ಓರೆಯಿದ್ದರೆ 120. ಫ್ಲೈವೀಲ್ ಹತ್ತಿರ ಲಾಕ್ ಹಾಕಿದರೆ ಅಲ್ಲಿಗೆ ಬರುವುದು 10 ಮಾತ್ರ, ಅಗ್ಗದ ಲಾಕ್ ಸಾಕು ಎಂಬ ಆಸೆ ಬರುತ್ತದೆ. ಬೆಲ್ಟ್ ಜಾರಿದರೆ ಆ ಲಾಕ್ ಇದ್ದೂ ಇಲ್ಲ. ಕ್ರ್ಯಾಂಕ್ ಪುಲ್ಲಿಯಲ್ಲೇ, 100 ಮಿ.ಮೀ. ತ್ರಿಜ್ಯದಲ್ಲಿ, 12 ಮಿ.ಮೀ. ಸ್ಪ್ರಿಂಗ್ ಪಿನ್ ಹಾಕಿ. ಪಿನ್ ಮೇಲೆ ಬೀಳುವುದು 1200 ನ್ಯೂಟನ್, ಚಿಂತೆಯಿಲ್ಲ. ತೂತು ಎರಡೇ ಇರಲಿ, ಒಂದಕ್ಕೊಂದು ಎದುರು, ಒಂದು ಪೆಡಲ್ ಪೂರ್ತಿ ಕೆಳಗಿರುವ ಸ್ಥಾನಕ್ಕೆ ಸರಿಯಾಗಿ. ಪೂರ್ತಿ ಕೆಳಗಿರುವ ಪೆಡಲ್ ಮೇಲೆ ನಿಂತರೆ ತಿರುಚು ಬಲವೇ ಇರುವುದಿಲ್ಲ.

ಲಿಂಕ್‌ಗೆ 40×40×2 ಚೌಕ ಪೈಪ್ ಸಾಕೆಂದು ಎಲ್ಲರೂ ಶುರು ಮಾಡುತ್ತಾರೆ. 130 ಕೆ.ಜಿ.ಗೆ ಒಂದೂವರೆ ಪಟ್ಟು ಚಲನೆಯ ಹೊರೆ ಸೇರಿಸಿದರೆ ಪೆಡಲ್ ಬುಡದಲ್ಲಿ ಒತ್ತಡ 130 ಮೆಗಾಪಾಸ್ಕಲ್ ಬರುತ್ತದೆ. ಒಂದು ಸಲಕ್ಕೆ ಪೈಪ್ ತಡೆಯುತ್ತದೆ. ಆದರೆ ದಿನಕ್ಕೆ ಆರು ಗಂಟೆ, ನಿಮಿಷಕ್ಕೆ 60 ಸುತ್ತಿನಂತೆ ಓಡಿದರೆ ಮೂರು ತಿಂಗಳಲ್ಲಿ 20 ಲಕ್ಷ ಸಲ ಆ ಹೊರೆ ಬಿದ್ದಿರುತ್ತದೆ. ಪೆಡಲ್ ಬ್ರಾಕೆಟ್ ವೆಲ್ಡಿಂಗ್‌ನ ಅಂಚಿನಿಂದ ಕೂದಲೆಳೆಯ ಬಿರುಕು ಶುರುವಾಗುತ್ತದೆ, ಬಣ್ಣದ ಕೆಳಗೆ ಕಾಣುವುದೂ ಇಲ್ಲ. 60×40×3 ಪೈಪನ್ನು 60ರ ಬದಿ ನೆಟ್ಟಗೆ ನಿಲ್ಲಿಸಿ ಹಾಕಿದರೆ ಒತ್ತಡ 52ಕ್ಕೆ ಇಳಿಯುತ್ತದೆ. ಬ್ರಾಕೆಟ್ಟನ್ನು ಪೈಪ್‌ನ ಕೆಳಮೈಗೆ ಅಡ್ಡ ವೆಲ್ಡ್ ಮಾಡಬೇಡಿ. ಕೆಳಮೈ ಎಳೆತದಲ್ಲಿರುತ್ತದೆ, ಪಕ್ಕದ ಗೋಡೆಗಳ ನಡುಮಟ್ಟದಲ್ಲಿ ಉದ್ದುದ್ದ ಹಾಕಿ. ಸೀಟ್ ಕಂಬಕ್ಕೆ 60×60×3 ಧಾರಾಳ. ಅಲ್ಲಿ ಕೆಡುವುದು ಕಂಬವಲ್ಲ, ಒಳಗೆ ಜಾರುವ ಪೈಪ್‌ನ ಸಡಿಲ. ನೈಲಾನ್ ಬುಷ್ ಮತ್ತು ಬಿಗಿಹಿಡಿಯುವ ನಾಬ್ ಎರಡೂ ಬೇಕು, ಬರೀ ಪಿನ್ ಸಾಲದು.

ಕ್ರ್ಯಾಂಕ್ ಶಾಫ್ಟ್ ಇಎನ್8 ಉಕ್ಕಿನದು, 25 ಮಿ.ಮೀ., 6205 ಬೇರಿಂಗ್ ಎರಡು. ತೋಳಿಗೆ ಕೀಲಿಯ (ಶಾಫ್ಟ್‌ಗೂ ತೋಳಿಗೂ ನಡುವೆ ಕೂರುವ ಲೋಹದ ತುಂಡು) ಜೊತೆ ಟೇಪರ್ ಕೊಡಿ. ಬರೀ ಕೀಲಿಗಂಡಿ ಇದ್ದರೆ ಹಿಂದೆ ಮುಂದೆ ತುಳಿದಾಗ ಗಂಡಿ ಅಗಲವಾಗುತ್ತದೆ. ರೋಲರ್‌ಗಳ ಮೇಲೆ ತಲಾ 1200 ನ್ಯೂಟನ್ ಬೀಳುತ್ತದೆ. 80 ಮಿ.ಮೀ. ವ್ಯಾಸ, ಶೋರ್ ಎ 95 ಗಡಸಿನ ಪಾಲಿಯುರೆಥೇನ್ ಆಗಬಹುದು. ಖರೀದಿಸುವಾಗ ಪಾಲಿಈಥರ್ ಮಾದರಿಯೇ ಬೇಕೆಂದು ಕೇಳಿ. ಪಾಲಿಎಸ್ಟರ್ ಮಾದರಿ ತೇವದಲ್ಲಿ ಒಡೆದು ಪುಡಿಯಾಗುತ್ತದೆ. ಹುಬ್ಬಳ್ಳಿಯ ಒಣ ಹವೆಯಲ್ಲಿ ವರ್ಷಗಟ್ಟಲೆ ನಡೆದದ್ದು ಮಂಗಳೂರಿಗೆ ಹೋದರೆ ನಡೆಯಬೇಕೆಂದಿಲ್ಲ.

ಆಡುವ ಹಿಡಿಕೆಗಳು ಕೂತವರಿಗೆ ಎಟುಕುವುದಿಲ್ಲ. ಅವನ್ನು ಹಿಂದಕ್ಕೆ ಬಾಗಿಸಿದರೆ ನಿಂತವರ ಎದೆಗೆ ಬಡಿಯುತ್ತವೆ. ಸೀಟಿನ ಎರಡೂ ಬದಿಗೆ ಸ್ಥಿರ ಹಿಡಿಕೆ ಕೊಟ್ಟು, ಮುಂದಿನವನ್ನು ಕೂತಾಗ ಪಿನ್ ತೆಗೆದು ಲಿಂಕ್‌ನಿಂದ ಬಿಡಿಸುವಂತೆ ಮಾಡುವುದೇ ಲೇಸು. ಕೂತವರಿಗೂ ಕೈ ವ್ಯಾಯಾಮ ಬೇಕೇಬೇಕೆಂದರೆ ಅದು ಬೇರೆಯೇ ಯಂತ್ರ. ಅಮೆರಿಕದ ಆನ್ ಆರ್ಬರ್‌ನ ನ್ಯೂಸ್ಟೆಪ್ ಕಂಪನಿ ಪುನಶ್ಚೇತನ ಕೇಂದ್ರಗಳಿಗೆ ಮಾಡುವಂಥದ್ದು. ಅಲ್ಲಿ ನಿಲ್ಲುವ ಭಂಗಿಯೇ ಇಲ್ಲ.

ಕಬ್ಬಿಣ ಕತ್ತರಿಸುವ ಮೊದಲು 18 ಮಿ.ಮೀ. ಪ್ಲೈವುಡ್‌ನಲ್ಲಿ ಒಂದು ಬದಿಯ ಲಿಂಕ್, ಕ್ರ್ಯಾಂಕ್, ಓರೆ ಹಳಿ ಮತ್ತು ಸೀಟ್ ಗೆರೆ ಮಾಡಿ ಕೈಯಿಂದ ತಿರುಗಿಸಿ ನೋಡಿ. 145, 165, 185 ಸೆಂ.ಮೀ. ಎತ್ತರದ ಮೂವರ ಸೊಂಟ, ಮಂಡಿ, ಹಿಮ್ಮಡಿಗೆ ಬಣ್ಣದ ಸ್ಟಿಕ್ಕರ್ ಅಂಟಿಸಿ, ಪಕ್ಕದಿಂದ ನಾಲ್ಕು ಮೀಟರ್ ದೂರದಲ್ಲಿ ಮೊಬೈಲ್ ನಿಲ್ಲಿಸಿ ವಿಡಿಯೊ ತೆಗೆಯಿರಿ. ವಿಡಿಯೊವನ್ನು ಅಲ್ಲಲ್ಲಿ ನಿಲ್ಲಿಸಿ ಮಂಡಿಯ ಕೋನ ಅಳೆಯಿರಿ. ಕೂತಾಗ ಯಾರಿಗೂ 105 ಡಿಗ್ರಿ ದಾಟಬಾರದು. ಮಂಡಿ ಶಸ್ತ್ರಚಿಕಿತ್ಸೆಯಾದವರಿಗೆ ಎಷ್ಟು ಎಂಬುದನ್ನು ಅವರ ಫಿಸಿಯೋಥೆರಪಿಸ್ಟ್ ಹೇಳಬೇಕು, ಹಳಿಯ ಏರಿಗೆ ಡಿಗ್ರಿ ಗುರುತು ಕೆತ್ತಿಟ್ಟರೆ ಅವರ ಕೆಲಸ ಹಗುರ. ಎಲಿಪ್ಟಿಕಲ್‌ಗಳ ಸುರಕ್ಷತೆಗೆ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 20957ರ 9ನೇ ಭಾಗವಿದೆ, ಅದನ್ನು 1ನೇ ಭಾಗದ ಜೊತೆಗೇ ಓದಬೇಕು. ಅದರಲ್ಲಿ ಮನೆಬಳಕೆಗೂ ಸಂಸ್ಥೆಗಳ ಬಳಕೆಗೂ ಬೇರೆ ವರ್ಗಗಳಿವೆ. ನಿಮ್ಮ ಗ್ರಾಹಕರದ್ದು ಎರಡನೆಯದು.

ಮೊದಲ ಯಂತ್ರ ಓಡಿಸಿದಾಗ ಸದ್ದು ಬಂದರೆ ಎಣಿಸಿ. ಸುತ್ತಿಗೊಂದು ಟಕ್ ಎಂದರೆ ಕ್ರ್ಯಾಂಕ್ ತೋಳು ಅಥವಾ ಕೀಲಿ. ಒಂದೇ ಬದಿಯಲ್ಲಿ ಸುತ್ತಿಗೆ ಎರಡು ಸಲವಾದರೆ ಹಳಿಯ ಒಂದೇ ಜಾಗದ ಮೇಲೆ ರೋಲರ್ ಹೋಗುತ್ತಾ ಬರುತ್ತಾ ತಾಗುತ್ತಿದೆ. ಎಡೆಬಿಡದ ಕೀರಲು ಬೆಲ್ಟ್‌ನದು, ಮುಕ್ಕಾಲು ಪಾಲು ಪುಲ್ಲಿಗಳು ಒಂದೇ ಗೆರೆಯಲ್ಲಿಲ್ಲ. ಕೂತು ತುಳಿದಾಗ ಮಾತ್ರ ಕಿರುಗುಟ್ಟುವುದಾದರೆ ಸೀಟ್ ಕಂಬದ ಬುಷ್ ನೋಡಿ.